ತೊಲೆಯ ಪಾಠವನ್ನು ನಾನು ಕಲಿಸುವ ಬಗೆ

ವಾಸ್ತುಶಿಲ್ಪದ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಕಟ್ಟಡ ರಚನೆಯ ಮೂಲತತ್ತ್ವಗಳನ್ನು ಕಲಿಸುವಾಗ, ಭಾರ ಬಿದ್ದ ತೊಲೆಯ ಯಾವ ಭಾಗ ಹಿಗ್ಗುತ್ತದೆ, ಯಾವ ಭಾಗ ಕುಗ್ಗುತ್ತದೆ ಎಂಬ ಪ್ರಶ್ನೆಯಿಂದ ನಾನು ಆರಂಭಿಸುತ್ತೇನೆ. ಉದ್ದನೆಯ ಸ್ಪಂಜಿನ ಪಟ್ಟಿಯ ಪಕ್ಕದ ಮೈಮೇಲೆ ಸಮ ಅಂತರದಲ್ಲಿ ಲಂಬ ಗೆರೆಗಳನ್ನೆಳೆದು, ಎರಡು ತುದಿಗಳಿಗೂ ಆಸರೆ ಕೊಟ್ಟು ನಡುವೆ ಒತ್ತಿದರೆ, ಗೆರೆಗಳು ಮೇಲ್ಗಡೆ ಹತ್ತಿರ ಸರಿದು ಕೆಳಗಡೆ ದೂರವಾಗುತ್ತವೆ. ಮೇಲೆ ಒತ್ತಡ, ಕೆಳಗೆ ಎಳೆತ, ನಡುವೆ ಎರಡೂ ಇಲ್ಲದ ಒಂದು ಪದರ. ಇಷ್ಟನ್ನು ಅವರೇ ಕಂಡುಕೊಳ್ಳುವವರೆಗೆ ನಾನು ಸೂತ್ರದ ಮಾತೆತ್ತುವುದಿಲ್ಲ.

ಆಮೇಲೆ ಹಂಪಿಯ ಮಂಟಪಗಳ ಚಿತ್ರಗಳನ್ನು ತೋರಿಸುತ್ತೇನೆ. ಗ್ರಾನೈಟ್ ಒತ್ತಡವನ್ನು ಚೆನ್ನಾಗಿ ತಾಳಿದರೂ ಎಳೆತಕ್ಕೆ ಬೇಗ ಬಿರುಕು ಬಿಡುವುದರಿಂದ, ಕಲ್ಲಿನ ತೊಲೆಯ ಕೆಳಗೆ ಕಂಬಗಳು ಹತ್ತಿರ ಹತ್ತಿರ ನಿಲ್ಲಲೇಬೇಕು. ವಿಜಯಪುರದ ಗೋಳಗುಮ್ಮಟದಲ್ಲಾದರೋ ಸುಮಾರು 38 ಮೀಟರ್ ಒಳವ್ಯಾಸದ ಗುಮ್ಮಟದ ಕೆಳಗೆ ಒಂದೂ ಕಂಬವಿಲ್ಲ, ಏಕೆಂದರೆ ಆ ಆಕಾರವು ಭಾರವನ್ನು ಬಹುಮಟ್ಟಿಗೆ ಒತ್ತಡವಾಗಿಯೇ ಕೆಳಗಿಳಿಸುತ್ತದೆ.

ಕಾಂಕ್ರೀಟಿನ ಸ್ವಭಾವವೂ ಕಲ್ಲಿನಂಥದೇ. ಎಂ20 ಎಂಬ ದರ್ಜೆಯ ಕಾಂಕ್ರೀಟಿನ ಒತ್ತಡ ತಾಳುವ ಶಕ್ತಿ ಚದರ ಮಿಲಿಮೀಟರಿಗೆ 20 ನ್ಯೂಟನ್ ಆದರೆ, ಬಾಗುವಾಗಿನ ಎಳೆತ ತಾಳುವ ಶಕ್ತಿ ಕಾಂಕ್ರೀಟ್ ರಚನೆಗಳ ಭಾರತೀಯ ಮಾನಕವಾದ ಐಎಸ್ 456ರ ಸೂತ್ರದಂತೆ ಸುಮಾರು 3.1 ಮಾತ್ರ. ಆದ್ದರಿಂದಲೇ ಎಳೆತವಿರುವ ಕಡೆ ಕಂಬಿ ಹಾಕುತ್ತೇವೆ.

ಈ ತಿಳಿವಳಿಕೆಯ ನಿಜವಾದ ಪರೀಕ್ಷೆ ಬಾಲ್ಕನಿಯಲ್ಲಿ. ಒಂದೇ ತುದಿಯಲ್ಲಿ ಹಿಡಿದ ಸ್ಪಂಜು ಬಾಗಿದಾಗ ಮೇಲ್ಗಡೆಯ ಗೆರೆಗಳು ದೂರ ಸರಿಯುತ್ತವೆ. ಅಂದರೆ ಚಾಚಿಕೊಂಡ ಸ್ಲ್ಯಾಬಿನಲ್ಲಿ ಎಳೆತ ಮೇಲ್ಗಡೆಯಿದ್ದು, ಮುಖ್ಯ ಕಂಬಿಯೂ ಮೇಲೆಯೇ ಇರಬೇಕು. ಸಮನಾಗಿ ಹರಡಿದ ಅದೇ ಭಾರಕ್ಕೆ, ಅದೇ ಉದ್ದಕ್ಕೆ, ಎರಡು ತುದಿಗಳಲ್ಲಿ ಸುಮ್ಮನೆ ಕೂತ ತೊಲೆಗಿಂತ ಇಲ್ಲಿನ ಗರಿಷ್ಠ ಬಾಗುಬಲ ನಾಲ್ಕು ಪಟ್ಟು, ಮತ್ತು ಅದು ಬೀಳುವುದು ಆಸರೆಯ ಅಂಚಿನಲ್ಲಿ. ಸ್ಲ್ಯಾಬ್ ಹಾಕುವ ದಿನ ಕೆಲಸಗಾರರು ಓಡಾಡುವಾಗ ಮೇಲಿನ ಕಂಬಿ ತುಳಿತಕ್ಕೆ ಕುಸಿದರೆ, ನಕ್ಷೆ ಎಷ್ಟೇ ಸರಿಯಿದ್ದರೂ ಬಾಲ್ಕನಿಯ ಬಲ ಕುಂದುತ್ತದೆ. ಹೊರಗಿನಿಂದ ನೋಡಿದವರಿಗೆ ಅದು ತಿಳಿಯುವುದೂ ಇಲ್ಲ. ಹೀಗಾಗಿ ವಿದ್ಯಾರ್ಥಿಗಳನ್ನು ಸೈಟಿಗೆ ಕರೆದೊಯ್ದಾಗ, ಕಾಂಕ್ರೀಟ್ ಬೀಳುವ ಮೊದಲೇ, ಕಂಬಿಯನ್ನು ಎತ್ತಿಹಿಡಿಯುವ ಚೇರುಗಳು ಸಾಕಷ್ಟಿವೆಯೇ, ಕಂಬಿ ಒಳಗಿನ ಸ್ಲ್ಯಾಬಿನೊಳಕ್ಕೆ ನಕ್ಷೆಯಲ್ಲಿ ಹೇಳಿದಷ್ಟು ದೂರ ಹೋಗಿದೆಯೇ ಎಂಬುದನ್ನು ಮೇಸ್ತ್ರಿಯವರ ಜೊತೆ ನಿಂತು ಟೇಪಿನಿಂದ ಅಳೆಯಲು ಅವರಿಗೇ ಬಿಡುತ್ತೇನೆ.