ಪೈಲಟ್ ಲೈಸೆನ್ಸ್‌ಗೆ ಹೊರಟಿದ್ದೀರಾ? ಇಳಿಸುವುದು ಕಲಿಯಲು ಸಮಯ ಇಟ್ಟುಕೊಳ್ಳಿ

ಕಾಫಿ ಕೊಯ್ಲು ಮುಗಿದು ಕೈಗೆ ದುಡ್ಡು ಬಂದ ಮೇಲೆ ಪ್ರತಿ ವರ್ಷ ಯಾರಾದರೊಬ್ಬರು ನಮ್ಮ ಮನೆಗೆ ಬರುತ್ತಾರೆ. ಕಳೆದ ಸಲ ಬಂದದ್ದು ಪಕ್ಕದ ತೋಟದ ಹುಡುಗಿ, ಅಪ್ಪನ ಜೊತೆ.

“ಅಂಕಲ್, ಫ್ಲೈಯಿಂಗ್ ಕ್ಲಬ್‌ಗೆ ದುಡ್ಡು ಕಟ್ಟಿ ಆಯ್ತು. ಇನ್ನು ಏನೇನು ತಗೊಂಡು ಹೋಗಬೇಕು?”

“ಮೆಡಿಕಲ್ ಆಯ್ತಾಮ್ಮ?”

“ಅದು ಆಮೇಲೆ ಮಾಡಿಸ್ತಾರಂತೆ.”

ಇಲ್ಲೇ ಮೊದಲ ತಪ್ಪು ಆಗುವುದು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಮೊದಲು ಒಂದು ಮಾತು. ಕೊಡಗಿನಲ್ಲಿ ಪೈಲಟ್ ಅಂದ ಕೂಡಲೇ ಎಲ್ಲರಿಗೂ ವಾಯುಪಡೆ ನೆನಪಾಗುತ್ತದೆ. ಆಗಲೇಬೇಕು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ದಾಳಿಗೆ ಹೋಗಿ, ತಮ್ಮ ಹಳೆಯ ಮಿಸ್ಟೇರ್ ವಿಮಾನದಲ್ಲೇ ಶತ್ರುವಿನ ಸ್ಟಾರ್‌ಫೈಟರ್ ಹೊಡೆದುರುಳಿಸಿ ಪ್ರಾಣ ಕೊಟ್ಟ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ನಮ್ಮ ನೆಲದವರು. ಅವರಿಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಆದರೆ ಪ್ರೈವೇಟ್ ಪೈಲಟ್ ಲೈಸೆನ್ಸ್, ಅಂದರೆ ಪಿಪಿಎಲ್, ಬೇರೆಯೇ ದಾರಿ. ಹತ್ತನೇ ತರಗತಿ ಪಾಸಾಗಿದ್ದರೆ ಸಾಕು. 16 ವರ್ಷಕ್ಕೆ ಸ್ಟೂಡೆಂಟ್ ಲೈಸೆನ್ಸ್, 17ಕ್ಕೆ ಪಿಪಿಎಲ್. ಇದರಲ್ಲಿ ಸಂಬಳಕ್ಕೆ ಹಾರಿಸುವ ಹಾಗಿಲ್ಲ. ಏರ್‌ಲೈನ್ ಕೆಲಸ ಬೇಕಾದರೆ ಕಮರ್ಷಿಯಲ್ ಲೈಸೆನ್ಸ್ ಬೇಕು, ಅದಕ್ಕೆ 200 ಗಂಟೆ ಹಾರಾಟ ಬೇಕು.

ಮೊದಲು ಮೆಡಿಕಲ್, ಆಮೇಲೆ ದುಡ್ಡು

ಪಿಪಿಎಲ್‌ಗೆ ಕ್ಲಾಸ್ 2 ಮೆಡಿಕಲ್ ಬೇಕು. ಡಿಜಿಸಿಎ, ಅಂದರೆ ದೇಶದ ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ, ಅದರ ಪಟ್ಟಿಯಲ್ಲಿರುವ ಡಾಕ್ಟರ್ ಹತ್ತಿರವೇ ಮಾಡಿಸಬೇಕು. ಎಷ್ಟೇ ಒಳ್ಳೆಯವರಾದರೂ ಮನೆ ಡಾಕ್ಟರ್ ಬರೆದುಕೊಟ್ಟದ್ದು ನಡೆಯುವುದಿಲ್ಲ. ಕನ್ನಡಕ ಇದೆ ಅಂತ ಹೆದರಬೇಡಿ. ಹೆದರಬೇಕಾದದ್ದು ಬಣ್ಣದ ಪರೀಕ್ಷೆಗೆ. ಬಣ್ಣಬಣ್ಣದ ಚುಕ್ಕೆಗಳ ನಡುವೆ ಅಡಗಿರುವ ಅಂಕಿ ಓದಬೇಕು. ಕೆಂಪು-ಹಸಿರು ಬೇರೆಬೇರೆಯಾಗಿ ಕಾಣದ ಗಂಡುಮಕ್ಕಳು ಎಷ್ಟೋ ಜನ ಇದ್ದಾರೆ, ಅವರಿಗೇ ಅದು ಗೊತ್ತಿರುವುದಿಲ್ಲ. ಸೋಮವಾರಪೇಟೆ ಕಡೆಯ ಒಬ್ಬ ಹುಡುಗ ಪೂರ್ತಿ ಫೀಸು ಕಟ್ಟಿದ ಮೇಲೆ ಈ ಪರೀಕ್ಷೆಯಲ್ಲಿ ನಪಾಸಾದ. ಕ್ಲಬ್ ದುಡ್ಡು ವಾಪಸ್ ಕೊಡಲಿಲ್ಲ. ಅವತ್ತಿನ ಅವನ ಮುಖವನ್ನು ನಾನಿನ್ನೂ ಮರೆತಿಲ್ಲ.

ಮೆಡಿಕಲ್ ಪಾಸಾದರೂ ಪೂರ್ತಿ ದುಡ್ಡು ಒಂದೇ ಸಲ ಕಟ್ಟಬೇಡಿ. ಐದೋ ಹತ್ತೋ ಗಂಟೆಗೆ ಮಾತ್ರ ಕಟ್ಟಿ, ಹಾರಿ, ಮತ್ತೆ ಕಟ್ಟಿ. “ಒಟ್ಟಿಗೆ ಕಟ್ಟಿದರೆ ರಿಯಾಯಿತಿ” ಅಂದರೂ ಬೇಡ. ನಾನು ಕಲಿತದ್ದು ಹೊರರಾಜ್ಯದ ಒಂದು ಕ್ಲಬ್‌ನಲ್ಲಿ. ನಡುವೆ ವಿಮಾನ ರಿಪೇರಿಗೆ ಹೋಗಿ ಏಳು ವಾರ ನಿಂತಿತು. ನನ್ನ ದುಡ್ಡು ಅವರ ಹತ್ತಿರ ಇತ್ತು, ಬೇರೆ ಕಡೆ ಹೋಗುವ ಹಾಗಿರಲಿಲ್ಲ. ಸೇರುವ ಮೊದಲು ವಿಮಾನ ನಿಲ್ಲಿಸುವ ಶೆಡ್, ಅಂದರೆ ಹ್ಯಾಂಗರ್ ಒಳಗೆ ಹೋಗಿ ನೋಡಿ. ಎಷ್ಟು ವಿಮಾನ ಇದೆ ಅಂತ ಕೇಳಬೇಡಿ. ಇವತ್ತು ಹಾರುವ ಸ್ಥಿತಿಯಲ್ಲಿ ಎಷ್ಟಿದೆ ಅಂತ ಕೇಳಿ.

ಯಾವಾಗ ಸೇರಬೇಕು

ಕೊಡಗಿನಲ್ಲಿ ರನ್‌ವೇ ಇಲ್ಲ. ಹತ್ತಿರದ ವಿಮಾನ ನಿಲ್ದಾಣ ಬೇಕಾದರೆ ಕಣ್ಣೂರು, ಮೈಸೂರು, ಮಂಗಳೂರು. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ತರಬೇತಿ ಶಾಲೆ ಇದೆ. ಎಲ್ಲಿ ಸೇರಿದರೂ ಅಲ್ಲೇ ರೂಮು ಮಾಡಿ ಇರಬೇಕು. ಮಡಿಕೇರಿಯಿಂದ ಶನಿವಾರ ಹೋಗಿ ಭಾನುವಾರ ಬರುತ್ತೇನೆ ಅಂದುಕೊಂಡವರು ಯಾರೂ ಮುಗಿಸಿದ್ದನ್ನು ನಾನು ನೋಡಿಲ್ಲ.

ನಮ್ಮವರಿಗೆ ಇನ್ನೊಂದು ತೊಡಕಿದೆ. ಹಾರುವುದಕ್ಕೆ ಒಳ್ಳೆಯ ಹವೆ ಇರುವುದು ನವೆಂಬರ್ ಕೊನೆಯಿಂದ ಫೆಬ್ರುವರಿವರೆಗೆ. ಅದೇ ಹೊತ್ತಿಗೆ ಪುತ್ತರಿ ಹಬ್ಬ, ಅರೇಬಿಕಾ ಕೊಯ್ಲು, ಅದರ ಹಿಂದೆಯೇ ರೊಬಸ್ಟಾ. ಹತ್ತು ಗಂಟೆ ಹಾರಿ, ಕೊಯ್ಲಿಗೆ ಅಂತ ಊರಿಗೆ ಬಂದು, ಕಣದಲ್ಲಿ ಕಾಫಿ ಒಣಗಿಸಿ, ಮಾರ್ಚ್‌ನಲ್ಲಿ ವಾಪಸ್ ಹೋಗುತ್ತಾರೆ. ಅಷ್ಟರಲ್ಲಿ ಕೈ ತಪ್ಪಿರುತ್ತದೆ. ನನ್ನ ಏಳು ವಾರದ ಬಿಡುವಿಗೇ ಮೂರು ಗಂಟೆಯ ಕಲಿಕೆ ಹೋಯಿತು. ಒಂದು ವರ್ಷದ ಕೊಯ್ಲನ್ನು ಮನೆಯವರಿಗೆ ಒಪ್ಪಿಸಿ. ಅದಾಗದಿದ್ದರೆ ಆ ವರ್ಷ ಸೇರಲೇಬೇಡಿ.

ಓದು

ಪರೀಕ್ಷೆಗೆ ಓದಬೇಕಾದದ್ದು ವಾಯುಯಾನ ನಿಯಮ, ಹವಾಮಾನ, ದಾರಿ ಲೆಕ್ಕ, ಎಂಜಿನ್. ನೂರಕ್ಕೆ 70 ಬರಬೇಕು. ದಿನಕ್ಕೆ ಎರಡು ಗಂಟೆ ಕೂತರೆ ಆಗುತ್ತದೆ. ಹಳೇ ಪ್ರಶ್ನೆಗಳ ಪಿಡಿಎಫ್ ಮಾರುವವರ ಹತ್ತಿರ ಹೋಗಬೇಡಿ. ಉತ್ತರ ಬಾಯಿಪಾಠ ಮಾಡಿದವರು ಮೇಲೆ ಹೋಗಿ ಮೋಡ ನೋಡಿದಾಗ ಯಾವ ಮೋಡ ಅಂತ ಹೇಳಲಾರರು.

ಕಂಟ್ರೋಲ್ ಟವರ್ ಜೊತೆ ರೇಡಿಯೊದಲ್ಲಿ ಮಾತಾಡುವ ಬಗ್ಗೆ ಕನ್ನಡ ಮೀಡಿಯಂ ಮಕ್ಕಳಿಗೆ ಸುಮ್ನೆ ಭಯ. ಅಲ್ಲಿ ಬೇಕಾದದ್ದು ಕಾಲೇಜಿನ ಇಂಗ್ಲಿಷ್ ಅಲ್ಲ, ಕಟ್ಟುನಿಟ್ಟಾದ ನೂರಿನ್ನೂರು ಪದ. ಕೇಳಿಸಿಕೊಂಡದ್ದನ್ನು ತಿರುಗಿ ಹೇಳಬೇಕು, ಅಷ್ಟೇ. ಅಡುಗೆಮನೆಯಲ್ಲಿ ನಿಂತು ಜೋರಾಗಿ ಹೇಳಿ ಅಭ್ಯಾಸ ಮಾಡಿ.

ನೆಲದ ಮೇಲೆ

ಹಾರುವ ಮೊದಲು ವಿಮಾನದ ಸುತ್ತ ನಡೆದು ನೋಡಬೇಕು. ಪೆಟ್ರೋಲ್ ಟ್ಯಾಂಕಿನ ಅಡಿಯಿಂದ ಪಾರದರ್ಶಕ ಕಪ್ಪಿಗೆ ಸ್ವಲ್ಪ ಇಳಿಸಿ ನೋಡುತ್ತಾರೆ. ವಿಮಾನದ ಪೆಟ್ರೋಲ್ ತಿಳಿ ನೀಲಿ. ನೀರು ಸೇರಿದ್ದರೆ ಗುಂಡುಗುಂಡಾಗಿ ತಳದಲ್ಲಿ ಕೂತಿರುತ್ತದೆ. ಮಳೆ ಬಂದ ಮರುದಿನ ಇದನ್ನು ಎರಡು ಸಲ ಮಾಡಿ.

ತೋಟದ ಜೀಪ್ ಓಡಿಸಿದವರಿಗೆ ಇಲ್ಲೊಂದು ಕಷ್ಟ. ಎದುರಿಗೆ ಸ್ಟಿಯರಿಂಗ್ ತರಹದ್ದೇ ಇರುತ್ತದೆ, ಆದರೆ ನೆಲದ ಮೇಲೆ ಅದನ್ನು ತಿರುಗಿಸಿದರೆ ವಿಮಾನ ತಿರುಗುವುದಿಲ್ಲ. ಕಾಲಿನಿಂದ ಪೆಡಲ್ ಒತ್ತಿ ತಿರುಗಿಸಬೇಕು. ಮೊದಲ ದಿನ ಎಡಗೈಯನ್ನು ತೊಡೆಯ ಮೇಲಿಟ್ಟು, ಬಲಗೈಯನ್ನು ಥ್ರಾಟಲ್, ಅಂದರೆ ಎಂಜಿನ್ ಏರಿಸಿ ಇಳಿಸುವ ಹಿಡಿಯ ಮೇಲೆ ಮಾತ್ರ ಇಡಿ.

ಇಳಿಸುವುದು

ಏರುವುದು ಮೂರನೇ ದಿನಕ್ಕೇ ಬಂದುಬಿಡುತ್ತದೆ. ಜನ ಸೋಲುವುದು, ಅಳುವುದು, ಬಿಟ್ಟು ಬರುವುದು ಇಳಿಸುವ ಹಂತದಲ್ಲಿ. ಆದ್ದರಿಂದ ಇದನ್ನು ನಿಧಾನವಾಗಿ ಹೇಳುತ್ತೇನೆ.

ಸರ್ಕ್ಯೂಟ್ ಅಂದರೆ ರನ್‌ವೇ ಪಕ್ಕದಲ್ಲಿ ಚೌಕಟ್ಟಿನ ಹಾಗೆ ಒಂದು ಸುತ್ತು. ಏರಿ, ನೆಲದಿಂದ 1,000 ಅಡಿ ಮೇಲೆ ರನ್‌ವೇ ಪಕ್ಕದಲ್ಲೇ ಹಿಂದಕ್ಕೆ ಬಂದು, ಎರಡು ಸಲ ತಿರುಗಿ, ಇಳಿಯುವುದು. ಗಂಟೆಗೆ ಎಂಟು ಹತ್ತು ಸಲ ಇದೇ ಕೆಲಸ.

ಕೊನೆಯ ತಿರುವು ಮುಗಿದು ರನ್‌ವೇ ಎದುರಿಗೆ ಬಂದಾಗ, ಅದರ ತುದಿಯಲ್ಲಿ ಬರೆದಿರುವ ದೊಡ್ಡ ಅಂಕಿಯ ಮೇಲೆ ಕಣ್ಣಿಡಿ. ಮುಂದಿನ ಗಾಜಿನಲ್ಲಿ ಆ ಅಂಕಿ ಇದ್ದಲ್ಲೇ ಇದ್ದರೆ ನೀವು ಅಲ್ಲಿಗೇ ಹೋಗುತ್ತಿದ್ದೀರಿ. ಅದು ಮೇಲಕ್ಕೆ ಸರಿಯುತ್ತಿದ್ದರೆ ರನ್‌ವೇ ಸಿಗುವ ಮೊದಲೇ ನೆಲ ಮುಟ್ಟುತ್ತೀರಿ, ಎಂಜಿನ್ ಸ್ವಲ್ಪ ಏರಿಸಿ. ಕೆಳಕ್ಕೆ ಜಾರಿ ವಿಮಾನದ ಮೂತಿಯ ಅಡಿ ಹೋಗುತ್ತಿದ್ದರೆ ಆ ಜಾಗ ದಾಟಿ ಹೋಗುತ್ತೀರಿ, ಎಂಜಿನ್ ಇಳಿಸಿ. ಈ ಒಂದು ವಿಷಯ ಕಣ್ಣಿಗೆ ಹತ್ತಿದರೆ ಅರ್ಧ ಕೆಲಸ ಆಯ್ತು.

ಇನ್ನರ್ಧ ವೇಗ. ಎರಡು ಸೀಟಿನ ತರಬೇತಿ ವಿಮಾನ ಸೆಸ್ನಾ 152ರಲ್ಲಿ, ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಮಡಚುವ ಹಲಗೆ) ಇಳಿಸಿದ ಮೇಲೆ 55ರಿಂದ 65 ನಾಟ್, ಅಂದರೆ ಗಂಟೆಗೆ ಅಷ್ಟು ನಾಟಿಕಲ್ ಮೈಲಿ. ಭಯದಿಂದ ಹತ್ತು ನಾಟ್ ಜಾಸ್ತಿ ಇಟ್ಟುಕೊಂಡು ಬರುವವರೇ ಹೆಚ್ಚು. ಆಗ ವಿಮಾನ ಇಳಿಯುವುದಿಲ್ಲ, ರನ್‌ವೇ ಉದ್ದಕ್ಕೂ ತೇಲಿಕೊಂಡು ಹೋಗುತ್ತದೆ.

ಎರಡು ರೊಬಸ್ಟಾ ಗಿಡವನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು ಎತ್ತರಕ್ಕೆ ಬಂದಾಗ ನೋಟ ಬದಲಾಗಬೇಕು. ಹತ್ತಿರದ ಅಂಕಿ ಬಿಟ್ಟು ರನ್‌ವೇಯ ಆಚೆ ತುದಿ ನೋಡಿ. ಸಂಪಾಜೆ ಘಾಟಿಯಲ್ಲಿ ಬಾನೆಟ್ ನೋಡಿಕೊಂಡು ಗಾಡಿ ಓಡಿಸ್ತೀರಾ? ಮುಂದಿನ ತಿರುವು ನೋಡ್ತೀರಿ, ಅಲ್ವಾ? ಇಲ್ಲೂ ಹಾಗೇ. ಹತ್ತಿರ ನೋಡಿದರೆ ನೆಲ ನುಗ್ಗಿ ಬಂದ ಹಾಗೆ ಕಾಣುತ್ತದೆ, ಹೆದರಿ ಜೋರಾಗಿ ಎಳೆಯುತ್ತೀರಿ, ವಿಮಾನ ಮತ್ತೆ ಮೇಲಕ್ಕೆ ಏರುತ್ತದೆ. ದೂರ ನೋಡಿದರೆ ರನ್‌ವೇಯ ಎರಡೂ ಅಂಚು ಕಣ್ಣಿನ ಓರೆಯಲ್ಲಿ ಅಗಲವಾಗುತ್ತಾ ಬರುವುದು ಗೊತ್ತಾಗುತ್ತದೆ. ಎತ್ತರ ತಿಳಿಯುವುದು ಅದರಿಂದಲೇ.

ಈಗ ಎಂಜಿನ್ ಪೂರ್ತಿ ಇಳಿಸಿ, ಮೂತಿಯನ್ನು ಸ್ವಲ್ಪಸ್ವಲ್ಪವೇ ಎತ್ತುತ್ತಾ ಹೋಗಿ. ನೆಲ ಮುಟ್ಟಿಸಲು ನೋಡಬೇಡಿ. ಮುಟ್ಟದ ಹಾಗೆ ಹಿಡಿದಿಡಲು ನೋಡಿ. ವೇಗ ಸತ್ತಾಗ ಹಿಂದಿನ ಎರಡು ಗಾಲಿ ತಾನಾಗಿ ಕೂರುತ್ತವೆ. ಮುಂದಿನ ಗಾಲಿಯನ್ನು ಆಗಲೂ ಎತ್ತಿಯೇ ಹಿಡಿದಿರಿ, ಅದು ಕೊನೆಗೆ ಇಳಿಯಲಿ.

ಪುಟಿದರೆ? ಇಲ್ಲೇ ಅಪಾಯ. ಪುಟಿದ ಕೂಡಲೇ ಕೈ ತಾನಾಗಿ ಮೂತಿಯನ್ನು ಕೆಳಕ್ಕೆ ತಳ್ಳುತ್ತದೆ. ತಳ್ಳಿದರೆ ಮುಂದಿನ ಗಾಲಿ ಬಡಿದು ಮುರಿಯುತ್ತದೆ, ಪ್ರೊಪೆಲ್ಲರ್ ನೆಲಕ್ಕೆ ತಾಗುತ್ತದೆ. ಯೋಚನೆ ಮಾಡಬೇಡಿ. ಥ್ರಾಟಲ್ ಪೂರ್ತಿ ಒತ್ತಿ, ಮೂತಿ ಸಮ ಮಾಡಿ, ಫ್ಲ್ಯಾಪ್ ಹಂತಹಂತವಾಗಿ ಮೇಲೆತ್ತಿ, ಇನ್ನೊಂದು ಸುತ್ತು ಹೊಡೆಯಿರಿ. ಅದಕ್ಕೆ ಗೋ-ಅರೌಂಡ್ ಅನ್ನುತ್ತಾರೆ. ಅದರಲ್ಲಿ ಅವಮಾನ ಏನೂ ಇಲ್ಲ. ನನಗೆ ಕಲಿಸಿದವರು ಚೆನ್ನಾಗಿ ಬಂದ ಇಳಿತಗಳಲ್ಲೂ ಬೇಕಂತಲೇ ಗೋ-ಅರೌಂಡ್ ಮಾಡಿಸುತ್ತಿದ್ದರು.

ಹದಿನಾಲ್ಕನೇ ಗಂಟೆಯಲ್ಲೂ ನನಗೆ ಇದು ಬಂದಿರಲಿಲ್ಲ. ಒಂದು ಸಂಜೆ ಸರ್ ತಮ್ಮ ಟೋಪಿ ತೆಗೆದು ವೇಗದ ಮೀಟರ್ ಮೇಲೆ ಮುಚ್ಚಿದರು. “ಎರಡು ಬೆರಳಲ್ಲಿ ಹಿಡಿ, ಹೊರಗೆ ನೋಡು” ಅಂದರು. ನನ್ನ ಮುಷ್ಟಿ ಬಿಚ್ಚಿದಾಗ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಬಿಗಿ ಬಿಟ್ಟ ಮೇಲೆ ಗಾಳಿಯ ಸದ್ದು ಸಣ್ಣಗಾಗುವುದು ಕೇಳಿಸಿತು, ವಿಮಾನ ಕೈಯಲ್ಲಿ ಮೆತ್ತಗಾಗುವುದು ತಿಳಿಯಿತು. ಗಾಲಿ ಕೂತದ್ದು ಗೊತ್ತಾದದ್ದು ಕಿಂಯ್ ಅನ್ನುವ ಸದ್ದಿನಿಂದ ಮಾತ್ರ.

ಮನೆಯಲ್ಲಿ ಕಂಪ್ಯೂಟರ್ ಗೇಮ್ ಆಡಿ ಬಂದವರಿಗೆ ಇದು ಇನ್ನೂ ಕಷ್ಟ. ಅವರ ಕಣ್ಣು ಮೀಟರ್‌ಗಳಿಗೇ ಅಂಟಿರುತ್ತದೆ. ಸೋಲೊ, ಅಂದರೆ ಒಬ್ಬರೇ ಹಾರುವುದು, ಆಗುವವರೆಗೆ ಗೇಮ್ ಮುಟ್ಟಬೇಡಿ. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಕೂಡ ಬೇಡ, ಅದರಲ್ಲಿ ವಿಮಾನದ ಕೆಲವು ಸ್ಕ್ರೀನ್ ಕಪ್ಪಾಗಿ ಕಾಣುತ್ತದೆ. ಸಾದಾ ಬೂದು ಗಾಜು ಸಾಕು.

ಸೋಲೊ

ಮೊದಲೇ ಹೇಳುವುದಿಲ್ಲ. ಒಂದು ದಿನ ಕಲಿಸುವವರು ಬಾಗಿಲು ತೆಗೆದು ಇಳಿದು, “ಒಂದು ಸುತ್ತು ಹೋಗಿ ಬಾ” ಅನ್ನುತ್ತಾರೆ. ಕೆಲವರಿಗೆ 15 ಗಂಟೆಗೆ, ಕೆಲವರಿಗೆ 25ಕ್ಕೆ. ಎಣಿಸಬೇಡಿ. ಪಕ್ಕದ ಸೀಟಿನ ಭಾರ ಇಲ್ಲದ್ದರಿಂದ ವಿಮಾನ ಬೇಗ ಏರುತ್ತದೆ, ಅದಕ್ಕೆ ಸಿದ್ಧರಿರಿ. ಹಿಂದಿನ ರಾತ್ರಿ ಊರಲ್ಲಿ ಮದುವೆ ಇದ್ದರೂ ಗ್ಲಾಸ್ ಮುಟ್ಟಬೇಡಿ. ಹಾರಾಟಕ್ಕೆ 12 ಗಂಟೆ ಮೊದಲಿಂದ ಕುಡಿಯುವ ಹಾಗಿಲ್ಲ ಅಂತ ನಿಯಮವೇ ಇದೆ.

40 ಗಂಟೆ ಮತ್ತು ದೂರದ ಹಾರಾಟ

ಒಟ್ಟು 40 ಗಂಟೆ ಬೇಕು. ಅದರಲ್ಲಿ 20 ಒಬ್ಬರೇ, ಆ 20ರಲ್ಲಿ 5 ಗಂಟೆ ದೂರದ ಹಾರಾಟ. ಅದರಲ್ಲೂ ಒಂದು ಹಾರಾಟ ಕನಿಷ್ಠ 150 ನಾಟಿಕಲ್ ಮೈಲಿ ಇರಬೇಕು, ಅಂದರೆ ಸುಮಾರು 278 ಕಿ.ಮೀ. ದಾರಿಯಲ್ಲಿ ಎರಡು ಬೇರೆ ನಿಲ್ದಾಣಗಳಲ್ಲಿ ಇಳಿದು ನಿಲ್ಲಿಸಬೇಕು. 40 ಅನ್ನುವುದು ಕನಿಷ್ಠ. 55 ಗಂಟೆಗೆ ದುಡ್ಡು ಎತ್ತಿಟ್ಟುಕೊಂಡು ಹೋಗಿ.

ಹಾರದ ಗಂಟೆಯನ್ನು ಲಾಗ್‌ಬುಕ್‌ನಲ್ಲಿ ಬರೆದುಕೊಡುತ್ತೇನೆ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದ ಪೈಲಟ್‌ಗಳು ಜೈಲಿಗೆ ಹೋದದ್ದು ನೆನಪಿರಲಿ.

ಲೈಸೆನ್ಸ್ ಬಂದ ತಕ್ಷಣ ನಮ್ಮವರಿಗೆಲ್ಲ ಒಂದೇ ಆಸೆ, ಸ್ವಂತ ತೋಟವನ್ನು ಮೇಲಿಂದ ನೋಡುವುದು. ನನಗೂ ಇತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಯೋಚನೆ ಬೇಡ. 1,748 ಮೀಟರ್‌ನ ತಡಿಯಂಡಮೋಳ್ ಮೋಡದೊಳಗೆ ಇರುತ್ತದೆ, ಪಶ್ಚಿಮದ ಗಾಳಿ ಬೆಟ್ಟ ದಾಟಿ ಈಚೆ ಕಡೆ ಸುಳಿಯುತ್ತದೆ. ಜನವರಿಯ ಬೆಳಿಗ್ಗೆ, ಮಂಜು ಕರಗಿದ ಮೇಲೆ, ಅನುಭವಸ್ಥರ ಜೊತೆ ಹೋಗಿ.

ಯಾರನ್ನಾದರೂ ಕರೆದುಕೊಂಡು ಹೋಗುವುದಾದರೆ ಅದಕ್ಕೆ ಮೊದಲು ಏರಿ ಇಳಿಯುವ ಅಭ್ಯಾಸ ತಪ್ಪಿರಬಾರದು. ನಾನು ಮೊದಲು ಕರೆದುಕೊಂಡು ಹೋದದ್ದು ಅವ್ವನನ್ನು. ಅವ್ವ ದಾರಿಯಲ್ಲಿ ಏನೂ ಮಾತಾಡಲಿಲ್ಲ, ಕೈಚೀಲವನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದರು. ಗಾಲಿ ಕೂತ ಮೇಲೆ ಕೇಳಿದರು: “ಇಳಿದಾಯ್ತಾ?”