ಹನ್ನೊಂದನೇ ಪುಟದಲ್ಲಿದ್ದ ಕತೆ

ಡಿಸೆಂಬರ್‌ನ ಒಂದು ರಾತ್ರಿ ತುಮಕೂರಿನಲ್ಲಿ ತಾಳಗುಪ್ಪದ ರೈಲು ಹತ್ತಿದೆ. ಬ್ಯಾಗಿನಲ್ಲಿ ಒಂದು ಮುಗಿಯದ ಕತೆ ಇತ್ತು. ಹದಿನಾಲ್ಕು ಪುಟ. ಬಸ್ ಕಂಡಕ್ಟರ್ ಆಗಿದ್ದ ನಮ್ಮಪ್ಪನ ಮೇಲೆ ಬರೆದದ್ದು. ಅಪ್ಪ ತೀರಿಕೊಂಡ ವರ್ಷ ಶುರು ಮಾಡಿದ್ದೆ, ಮೂರು ವರ್ಷ ಕಳೆದರೂ ಮುಗಿದಿರಲಿಲ್ಲ. ಬ್ಯಾಂಕಿನ ಕೆಲಸ ಮುಗಿಸಿ, ಮಕ್ಕಳು ಮಲಗಿದ ಮೇಲೆ ಊಟದ ಟೇಬಲ್ಲಿಗೆ ಕೂತರೆ ಒಂದು ಗಂಟೆ ಸಿಗುತ್ತಿತ್ತು. ಹಿಂದಿನ ದಿನ ಬರೆದದ್ದನ್ನು ಓದಿ ನಾಲ್ಕು ಪದ ತಿದ್ದುವಷ್ಟರಲ್ಲಿ ಕಣ್ಣು ಎಳೆಯುತ್ತಿತ್ತು. ನನಗೆ ಸಮಯ ಇಲ್ಲ, ಅದಕ್ಕೇ ಕತೆ ಆಗುತ್ತಿಲ್ಲ ಅಂತ ಗಟ್ಟಿಯಾಗಿ ನಂಬಿದ್ದೆ.

ಹಾಗಾಗಿ ಸಾಗರದ ಹತ್ತಿರ ಒಂದು ತೋಟದ ಮನೆಯಲ್ಲಿ ಐದು ದಿನದ ಕಥಾ ಕಮ್ಮಟ ಇದೆ ಅಂತ ಗೆಳತಿ ಹೇಳಿದಾಗ ಎರಡನೇ ಯೋಚನೆ ಮಾಡಲಿಲ್ಲ. ಊಟ ವಸತಿ ಸೇರಿ 4,500 ರೂಪಾಯಿ. ಒಂಬತ್ತು ಜನಕ್ಕೆ ಮಾತ್ರ ಜಾಗ. ಅಚ್ಚಾಗಿರುವ ಕತೆ ತರುವ ಹಾಗಿಲ್ಲ, ಮುಗಿಯದ ಒಂದನ್ನು ತರಬೇಕು, ಅಷ್ಟೇ ಷರತ್ತು. ಗಂಡನ ಹತ್ತಿರ ಮಕ್ಕಳ ಪರೀಕ್ಷೆಯ ವೇಳಾಪಟ್ಟಿ ಕೊಟ್ಟು, ಅತ್ತೆಯ ಮಾತ್ರೆಗಳನ್ನು ಡಬ್ಬಿಗೆ ತುಂಬಿಟ್ಟು, ಐದು ದಿನ ರಜೆ ಹಾಕಿದೆ. ಮದುವೆಯಾದ ಮೇಲೆ ನನ್ನೊಬ್ಬಳಿಗೋಸ್ಕರ ಹಾಕಿದ ಮೊದಲ ರಜೆ ಅದು.

ಬೆಳಗ್ಗೆ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿದಾಗ ಚಳಿಗೆ ಬೆರಳು ಮರಗಟ್ಟಿತ್ತು. ಹೋಗುವವರು ಸ್ವೆಟರ್ ಮರೆಯಬೇಡಿ. ಮನೆ ತಲುಪುತ್ತಿದ್ದ ಹಾಗೆ ಕಷಾಯ ಕೊಟ್ಟರು, ಆಮೇಲೆ ತೆಳ್ಳವು, ಜೋನಿ ಬೆಲ್ಲ. ನಮ್ಮ ಕಡೆ ದೋಸೆಗೆ ಬೆಲ್ಲ ಅಂದರೆ ಮಕ್ಕಳ ತಿಂಡಿ. ಅಲ್ಲಿ ಅದೇ ಊಟದಷ್ಟು ಗಟ್ಟಿ ನಾಷ್ಟಾ. ಫೋನುಗಳನ್ನೆಲ್ಲ ಒಂದು ಬೆತ್ತದ ಬುಟ್ಟಿಗೆ ಹಾಕಿಸಿಕೊಂಡರು. ಹೇಗೂ ಸಿಗ್ನಲ್ ಬೇಕು ಅಂದರೆ ಮನೆ ಹಿಂದಿನ ಗುಡ್ಡ ಹತ್ತಬೇಕಿತ್ತು.

ಕಮ್ಮಟ ಅಂದರೆ ಮೂಲದಲ್ಲಿ ನಾಣ್ಯ ಟಂಕಿಸುವ ಜಾಗ. ನಮ್ಮ ಜೊತೆಗಿದ್ದ ಹಿರಿಯ ಕತೆಗಾರರು (ನಾವೆಲ್ಲ ಅವರನ್ನು ಮೇಷ್ಟ್ರೇ ಅಂತಲೇ ಕರೆದೆವು) ಮೊದಲ ದಿನ ಹೇಳಿದ್ದು ಇದೊಂದೇ. ಭಾಷಣ ಇಲ್ಲ, ಕತೆ ಬರೆಯುವುದು ಹೇಗೆ ಅನ್ನುವ ಪಾಠವೂ ಇಲ್ಲ. ಬೆಳಗ್ಗೆ ಆರರಿಂದ ಹನ್ನೊಂದರ ತನಕ ಬರೆಯುವುದು, ಮಧ್ಯಾಹ್ನ ಜಗುಲಿಯಲ್ಲಿ ಕೂತು ಒಬ್ಬೊಬ್ಬರೇ ಗಟ್ಟಿಯಾಗಿ ಓದುವುದು.

ಎರಡು ದಿನ ನನ್ನಿಂದ ಒಂದು ಸಾಲೂ ಆಗಲಿಲ್ಲ. ಇಷ್ಟು ವರ್ಷ ಬೇಡಿಕೊಂಡ ಸಮಯ ಎದುರಿಗೆ ರಾಶಿ ಬಿದ್ದಿತ್ತು. ಅಟ್ಟದ ಮೇಲೆ ಕಿಟಕಿ ಪಕ್ಕ ನನಗೊಂದು ಮೇಜು ಕೊಟ್ಟಿದ್ದರು. ಕಿಟಕಿಯಾಚೆ ತೋಟದಲ್ಲಿ ಅಡಿಕೆ ಕೊನೆ (ಅಡಿಕೆಯ ಗೊನೆಗೆ ಅಲ್ಲಿ ಹಾಗನ್ನುತ್ತಾರೆ) ಕೊಯ್ಲು ನಡೆದಿತ್ತು. ಮರದ ತುದಿಯಿಂದ ಕೊನೆ ಹಗ್ಗದ ಮೇಲೆ ಜಾರಿ ಬರುವುದನ್ನು, ಕೆಳಗಿದ್ದವರು ಹಿಡಿಯುವುದನ್ನು ನೋಡುತ್ತಾ ಕೂತಿದ್ದೆ. ಹದಿನಾಲ್ಕು ಪುಟವನ್ನು ಇನ್ನೊಮ್ಮೆ ನೀಟಾಗಿ ಬರೆದು ತೆಗೆದೆ. ಇಷ್ಟು ದೂರ ಬಂದದ್ದು ಇದಕ್ಕಾ ಅಂತ ಎರಡನೇ ರಾತ್ರಿ ಅಳು ಬಂತು.

ಮೂರನೇ ದಿನ ನನ್ನ ಸರದಿ. ಓದಿದವರು ಆಮೇಲೆ ಬಾಯಿ ಬಿಡುವ ಹಾಗಿಲ್ಲ, ಇಲ್ಲಿ ನಾನು ಹೇಳಬೇಕು ಅಂದುಕೊಂಡಿದ್ದು ಇದು ಅಂತ ಸಮಜಾಯಿಷಿ ಕೊಡುವ ಹಾಗಿಲ್ಲ. ಕೇಳಿದವರೂ ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುವ ಹಾಗಿಲ್ಲ. ಕಣ್ಣಿಗೆ ಕಟ್ಟಿದ ಒಂದು ವಿಷಯ ಮಾತ್ರ ಹೇಳಬೇಕು. ನಾನು ಓದಿದೆ. ಓದುತ್ತಾ ಓದುತ್ತಾ ಮೂರನೇ ಪುಟದಲ್ಲಿ ನನ್ನ ದನಿಯೇ ನನಗೆ ಬೇರೆ ಥರ ಕೇಳಿಸತೊಡಗಿತು. ‘ಅಪ್ಪನ ಕಣ್ಣಲ್ಲಿ ನೋವು ಮಡುಗಟ್ಟಿತ್ತು’ ಅನ್ನುವ ಸಾಲು ಬಂದಾಗ ಗಂಟಲು ಹಿಡಿದುಕೊಂಡಿತು, ಯಾಕೆ ಅಂದರೆ ಅದು ಸುಳ್ಳು. ನಮ್ಮಪ್ಪನ ಕಣ್ಣಲ್ಲಿ ನಾನು ಅಂಥದ್ದೇನೂ ನೋಡಿರಲಿಲ್ಲ. ಹಾಳೆಯ ಮೇಲೆ ಮೂರು ವರ್ಷ ಕಾಣದ್ದು ಕಿವಿಗೆ ಒಂದೇ ಸಲಕ್ಕೆ ಸಿಕ್ಕಿತು.

ಓದಿ ಮುಗಿಸಿದೆ. ಎಂಟು ಜನರಲ್ಲಿ ಆರು ಜನ ಒಂದೇ ವಿಷಯ ಹೇಳಿದರು: ಹಾರ್ಲಿಕ್ಸ್ ಬಾಟಲಿ.

ಅದು ಹನ್ನೊಂದನೇ ಪುಟದಲ್ಲಿ ಎರಡೇ ಸಾಲು. ಚಿಲ್ಲರೆ ಇಲ್ಲದಾಗ ಕಂಡಕ್ಟರುಗಳು ಟಿಕೆಟ್ ಹಿಂದೆ ಬಾಕಿ ಬರೆದುಕೊಡುತ್ತಾರಲ್ವಾ, ಅಪ್ಪನೂ ಬರೆಯುತ್ತಿದ್ದರು. ಇಳಿಯುವ ಗಡಿಬಿಡಿಯಲ್ಲಿ ಎಷ್ಟೋ ಜನ ಕೇಳದೇ ಹೋಗುತ್ತಿದ್ದರು. ಆ ದುಡ್ಡನ್ನು ಅಪ್ಪ ಮನೆಗೆ ತಂದು ಒಂದು ಹಾರ್ಲಿಕ್ಸ್ ಬಾಟಲಿಗೆ ಹಾಕುತ್ತಿದ್ದರು. ನಾವು ಐಸ್‌ಕ್ಯಾಂಡಿಗೆ ಅಂತ ಕೈ ಹಾಕಿದರೆ ‘ಅದು ನಮ್ಮದಲ್ಲ’ ಅನ್ನುತ್ತಿದ್ದರು. ಇಷ್ಟನ್ನೇ ನಾನು ಸುಮ್ನೆ ಹೋಗುವ ದಾರಿಯಲ್ಲಿ ಬರೆದು ಮುಂದೆ ಹೋಗಿದ್ದೆ. ಉಳಿದ ಪುಟಗಳೆಲ್ಲ ಅಪ್ಪ ಎಷ್ಟು ಒಳ್ಳೆಯವರು, ನಮಗೆ ಎಷ್ಟು ಕಷ್ಟ ಇತ್ತು ಅನ್ನುವುದು. ಮೇಷ್ಟ್ರು ಏನೂ ಹೇಳಲಿಲ್ಲ. ಪುಟಗಳನ್ನು ತೆಗೆದುಕೊಂಡು ಹನ್ನೊಂದನೇ ಹಾಳೆಯನ್ನು ಎಲ್ಲದರ ಮೇಲಿಟ್ಟು ವಾಪಸು ಕೊಟ್ಟರು.

ಆ ಸಂಜೆ ನಮ್ಮನ್ನೆಲ್ಲ ಹೆಗ್ಗೋಡಿಗೆ ಕರೆದುಕೊಂಡು ಹೋದರು. 1949ರಲ್ಲಿ ಅಲ್ಲಿ ನೀನಾಸಂ ಅನ್ನುವ ನಾಟಕ ಸಂಸ್ಥೆ ಶುರುವಾಯಿತು. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರದ್ದೂ ಅಡಿಕೆ ಬೆಳೆಯುವ ಮನೆ. ಹಳ್ಳಿಯಲ್ಲಿ ಕೂತು ಊರಿನವರ ಜೊತೆ ನಾಟಕ ಮಾಡಿ, ಸಿನಿಮಾ ತೋರಿಸಿ, ಪುಸ್ತಕ ಅಚ್ಚು ಹಾಕಿದವರು. ಪಕ್ಕದ ಭೀಮನಕೋಣೆಯಲ್ಲಿ ‘ಚರಕ’ ಅನ್ನುವ ಮಹಿಳಾ ಸಹಕಾರ ಸಂಘದ ಹೆಣ್ಣುಮಕ್ಕಳು ನೇದ ಬಟ್ಟೆ ನೋಡಿದೆವು. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರಿನಿಂದ ಅವರು ಬಟ್ಟೆಗೆ ಬಣ್ಣ ಕಟ್ಟುತ್ತಾರೆ. ಕಂದುಗೆಂಪಿನ ಒಂದು ಸೀರೆಯನ್ನು ತುಂಬಾ ಹೊತ್ತು ಮುಟ್ಟುತ್ತಾ ನಿಂತಿದ್ದೆ. ಆದರೆ ನಿಜ ಹೇಳಬೇಕು ಅಂದರೆ ತಲೆಯಲ್ಲಿ ಬಾಟಲಿ ಬಿಟ್ಟು ಬೇರೇನೂ ಇರಲಿಲ್ಲ.

ರಾತ್ರಿ ನಿದ್ದೆ ಬರಲಿಲ್ಲ. ಅಂಗಳದಲ್ಲಿ ದೀಪ ಉರಿಯುತ್ತಿತ್ತು. ಹಸಿ ಅಡಿಕೆಯನ್ನು ಕೊಯ್ದ ಮೇಲೆ ಜಾಸ್ತಿ ದಿನ ಇಡುವ ಹಾಗಿಲ್ಲ, ಸುಲಿದು ಬೇಯಿಸಲೇಬೇಕು. ಅದಕ್ಕೆ ಕೊಯ್ಲಿನ ಕಾಲದಲ್ಲಿ ರಾತ್ರಿಯೂ ಸುಲಿಯುತ್ತಾರೆ. ಏಳೆಂಟು ಹೆಂಗಸರು ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕೂತಿದ್ದರು. ಕಾಯಿಯನ್ನು ಕತ್ತಿಗೆ ಚುಚ್ಚಿ ಒಂದು ತಿರುವು, ಸಿಪ್ಪೆ ಆಚೆ, ಅಡಿಕೆ ಈಚೆ. ಕಣ್ಣು ಮಾತ್ರ ಎದುರಿಗೆ ಕೂತವರ ಮುಖದ ಮೇಲೆ. ಬೆರಳೆಲ್ಲ ಕಪ್ಪಗೆ ಕರೆ ಹಿಡಿದಿತ್ತು.

“ನಿದ್ದೆ ಬರ್ಲಿಲ್ವಾ ಅಕ್ಕ? ಬನ್ನಿ, ಕೂತ್ಕಳಿ,” ಅಂದರು ಒಬ್ಬರು. ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು. “ದಿನಾ ಮೇಲೆ ಕೂತು ಅಷ್ಟೊತ್ತು ಎಂತ ಬರೀತೀರಿ?”

“ನಮ್ಮಪ್ಪನ ಕತೆ,” ಅಂದೆ.

“ಹೇಳಿ ಮತ್ತೆ, ನಾವೂ ಕೇಳ್ತೀವಿ.”

ಹೇಳತೊಡಗಿದೆ. ಮೊದಲ ಮಾತು ಬಾಯಿಂದ ಬಂದ ಮೇಲೆಯೇ ನನಗೆ ಗೊತ್ತಾಗಿದ್ದು, ನಾನು ಬಾಟಲಿಯಿಂದಲೇ ಶುರು ಮಾಡಿದ್ದೆ. “ನಮ್ಮನೇಲಿ ಒಂದು ಬಾಟ್ಲಿ ಇತ್ತು, ಅದರ ತುಂಬ ದುಡ್ಡಿತ್ತು, ಆದ್ರೆ ನಮ್ಮದಲ್ಲ.” ಕತ್ತಿಗಳ ಸದ್ದು ಸ್ವಲ್ಪ ನಿಧಾನವಾಯಿತು. ಕಷ್ಟದ ವರ್ಣನೆ ಯಾವುದೂ ನಾಲಿಗೆಗೆ ಬರಲಿಲ್ಲ. ಅವರ ಬೆರಳು ನೋಡುತ್ತಾ ಅಪ್ಪನ ಬೆರಳು ನೆನಪಾಯಿತು. ಬಲಗೈ ಹೆಬ್ಬೆರಳ ತುದಿ ಟಿಕೆಟ್ ಹರಿದು ಹರಿದು ನುಣ್ಣಗಾಗಿತ್ತು. ಊಟಕ್ಕೆ ಕೂರುವ ಮುಂಚೆ ಸೋಪು ಹಚ್ಚಿ ಎಷ್ಟು ತಿಕ್ಕಿದರೂ ನಾಣ್ಯದ ವಾಸನೆ ಹೋಗುತ್ತಿರಲಿಲ್ಲ. ಅದನ್ನೂ ಹೇಳಿದೆ. ಹದಿನಾಲ್ಕು ಪುಟದಲ್ಲಿ ಅದೆಲ್ಲೂ ಇರಲಿಲ್ಲ.

ಹೇಳಿ ಮುಗಿದ ಮೇಲೆ ಅದೇ ಅಕ್ಕ ಕೈ ನಿಲ್ಲಿಸಿ ಕೇಳಿದರು: “ಆ ಬಾಟ್ಲಿ ದುಡ್ಡು ಎಂತ ಆಯ್ತು ಕೊನೆಗೆ?”

ನನಗೆ ಗೊತ್ತಿರಲಿಲ್ಲ. ಮೂರು ವರ್ಷ ಅಪ್ಪನ ಬಗ್ಗೆ ಬರೆದಿದ್ದೆ, ಇದನ್ನು ಒಂದು ದಿನವೂ ಯೋಚಿಸಿರಲಿಲ್ಲ.

ಬೆಳಗ್ಗೆ ಬುಟ್ಟಿಯಿಂದ ಫೋನ್ ತೆಗೆದುಕೊಳ್ಳಲು ಅಪ್ಪಣೆ ಕೇಳಿ ಗುಡ್ಡ ಹತ್ತಿದೆ. ಅಮ್ಮನಿಗೆ ಫೋನ್ ಮಾಡಿದೆ. “ಅಟ್ಟದ ಮೇಲೆ ಇದೆ ಕಣೇ, ಹಾಗೇ,” ಅಂದರು. “ಯಾರ್ದೋ ದುಡ್ಡು, ಖರ್ಚು ಮಾಡೋಕೆ ಮನಸ್ಸು ಬರಲ್ಲ. ಹುಂಡಿಗೆ ಹಾಕೋಣ ಅಂದ್ರೆ ಅದೂ ನಮ್ಮದಲ್ಲವಲ್ಲ, ನಾವು ಹೇಗೆ ಹಾಕೋದು?”

ಕೆಳಗೆ ಬಂದು ಹೊಸ ಹಾಳೆ ತೆಗೆದೆ. ನಾಲ್ಕನೇ ದಿನ, ಐದನೇ ದಿನ, ಊಟದ ಗಂಟೆ ಕೇಳಿಸದ ಹಾಗೆ ಬರೆದೆ. ಹಳೆಯದರ ಮೊದಲ ಹತ್ತು ಪುಟದಿಂದ ಒಂದು ಸಾಲನ್ನೂ ತೆಗೆದುಕೊಳ್ಳಲಿಲ್ಲ.

ನಾನು ಕಂಡುಕೊಂಡ ಒಂದು ಕ್ರಮ ಇದೆ, ಈಗಲೂ ಹಾಗೇ ಮಾಡುತ್ತೇನೆ. ಬರೆಯುವ ಮೊದಲು ಕತೆಯನ್ನು ಯಾರಿಗಾದರೂ ಬಾಯಲ್ಲಿ ಹೇಳುತ್ತೇನೆ. ಸಾಹಿತ್ಯ ಓದುವವರಿಗೇ ಹೇಳಬೇಕು ಅಂತಿಲ್ಲ, ಓದದವರಾದರೆ ಇನ್ನೂ ಒಳ್ಳೆಯದು, ಅವರು ಮುಲಾಜಿಗೆ ಕೇಳುವುದಿಲ್ಲ. ಎಲ್ಲಿಂದ ಶುರು ಮಾಡಿದೆ, ಎಲ್ಲಿ ಅವರ ಕಣ್ಣು ಆಚೆ ಹೋಯಿತು, ಕೊನೆಗೆ ಏನು ಕೇಳಿದರು, ಈ ಮೂರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಆಮೇಲೆ ಕೂರುತ್ತೇನೆ. ಈಗಲೂ ನನಗೆ ಸಿಗುವುದು ಅದೇ ರಾತ್ರಿಯ ಒಂದು ಗಂಟೆ, ಆದರೆ ಸಾಲುತ್ತದೆ. ಕಮ್ಮಟದ ಒಂಬತ್ತು ಜನವೂ ತಿಂಗಳಿಗೊಮ್ಮೆ ಭಾನುವಾರ ಫೋನಿನಲ್ಲಿ ಸೇರಿ ಓದುತ್ತೇವೆ. ಓದಿದವರು ಬಾಯಿ ಬಿಡಬಾರದು ಅನ್ನುವ ನಿಯಮ ಅಲ್ಲೂ ಇದೆ.

ಸಂಕ್ರಾಂತಿಗೆ ತವರಿಗೆ ಹೋದಾಗ ಬಾಟಲಿ ಇಳಿಸಿ ನಡುಮನೆಯಲ್ಲಿ ಪೇಪರ್ ಹಾಸಿ ಸುರಿದೆವು. ಒಂದು ರೂಪಾಯಿ, ಎರಡು ರೂಪಾಯಿ, ಐವತ್ತು ಪೈಸೆ. ಇಪ್ಪತ್ತೈದು ಪೈಸೆಯವೂ ಸುಮಾರು ಇದ್ದವು. 2011ರ ಜೂನ್ ಕೊನೆಗೆ ಸರ್ಕಾರ ಅವುಗಳ ಚಲಾವಣೆ ನಿಲ್ಲಿಸಿತು. ಆಗ ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂತು ಜನ ತಂದ ನಾಣ್ಯಗಳನ್ನು ಎಣಿಸಿ ಬದಲಿಸಿ ಕೊಟ್ಟವಳು. ನಮ್ಮ ಮನೆಯಲ್ಲೇ ಇಷ್ಟಿದ್ದದ್ದು ನನಗೆ ಗೊತ್ತಿರಲಿಲ್ಲ, ಅಪ್ಪ ಬದಲಿಸಿಕೊಡು ಅಂತ ಕೇಳಲೂ ಇಲ್ಲ. ಅಮ್ಮ ಒಂದೊಂದನ್ನೂ ಸೆರಗಿನಲ್ಲಿ ಒರೆಸಿ ಮತ್ತೆ ಬಾಟಲಿಗೆ ಹಾಕಿದರು. ಕತೆ ಅಲ್ಲಿಗೆ ನಿಂತಿತು. ಈಗ ಅದು ಆರು ಪುಟ.

ಇನ್ನೂ ಎಲ್ಲಿಗೂ ಕಳಿಸಿಲ್ಲ. ಮುಂದಿನ ಕೊಯ್ಲಿಗೆ ಸಾಗರಕ್ಕೆ ಹೋಗಬೇಕು. ಅಂಗಳದಲ್ಲಿ ಆ ಅಕ್ಕನ ಪಕ್ಕ ಕೂತು ಅವರಿಗೆ ಮೊದಲು ಓದಬೇಕು. ದುಡ್ಡು ಏನಾಯಿತು ಅಂತ ಕೇಳಿದವರು ಅವರು.