ಅಟ್ಟದ ಬುಟ್ಟಿಗೊಂದು ಬಲ್ಬು: ಕಡಿಮೆ ಖರ್ಚಿನ ಟಿಕಿ ದೀಪ

ಹಳೆ ಬುಟ್ಟಿಯನ್ನು ಹಂಡೆ ಒಲೆಗೆ ಹಾಕುವ ಮೊದಲು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಹೆಣಿಗೆಯ ಸಂದಿಯಲ್ಲಿ ಬಿಸಿಲು ತೂರಿ ಬಂತಾ? ಹಾಗಾದರೆ ಅದು ದೀಪವಾಗುತ್ತದೆ.

ಟಿಕಿ ಅಂದರೆ ಪೆಸಿಫಿಕ್ ದ್ವೀಪಗಳ ಸಾಮಾನಿನ ಹಾಗೆ ಕಾಣುವ ಅಲಂಕಾರದ ಶೈಲಿ. ಅದು ಹುಟ್ಟಿದ್ದು 1930ರ ದಶಕದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಹಾಲಿವುಡ್‌ನ ಡಾನ್ ದ ಬೀಚ್‌ಕೋಂಬರ್, ಓಕ್‌ಲ್ಯಾಂಡ್‌ನ ಟ್ರೇಡರ್ ವಿಕ್ಸ್ ಎಂಬ ಬಾರ್‌ಗಳು ಇದಕ್ಕೆ ದಾರಿ ಹಾಕಿದವು. ಪೆಸಿಫಿಕ್ ದ್ವೀಪಗಳ ಚಾಪೆ, ಮರದ ಮುಖ, ಮೀನು ಹಿಡಿಯುವ ಬುಟ್ಟಿ, ಬಲೆಗೆ ಕಟ್ಟುವ ಗಾಜಿನ ಗುಂಡು ಎಲ್ಲ ನೇತುಹಾಕಿ ಮಂದ ಬೆಳಕು ಇಟ್ಟರು. ಇವತ್ತಿಗೂ ಅಲ್ಲಿಯವರು ಇದನ್ನು ಮನೆಯಲ್ಲಿ ಮಾಡಿಕೊಳ್ಳಲು ಹಳೆ ಸಾಮಾನಿನ ಅಂಗಡಿ ಸುತ್ತುತ್ತಾರೆ. ಹೊಸ ಬಿದಿರಾದರೆ ಬೆಂಕಿಯಲ್ಲಿ ಬಾಡಿಸಿ ಕಂದು ಬಣ್ಣ ಬರಿಸುತ್ತಾರೆ. ನಮಗೆ ಆ ಕಷ್ಟವಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ನಮ್ಮ ತವರಿನ ಅಟ್ಟದಲ್ಲಿ ಒಲೆಯ ಹೊಗೆ ಕುಡಿದು ಜೇನಿನ ಬಣ್ಣಕ್ಕೆ ತಿರುಗಿದ ಬುಟ್ಟಿಗಳಿವೆ. ಹೊಗೆ ಕುಡಿದ ಬಿದಿರಿಗೆ ಕುಟ್ಟೆ ಹುಳದ ಕಾಟವೂ ಕಡಿಮೆ. ಅಂಗಡಿಯ ಹೊಸ ಬುಟ್ಟಿಗಿಂತ ನನಗೆ ಇದೇ ಎಷ್ಟೋ ಮೇಲು.

ಕೋಳಿ ಮುಚ್ಚುವ ಬುಟ್ಟಿ ಎಲ್ಲಕ್ಕಿಂತ ಒಳ್ಳೆಯದು, ಕಣ್ಣು ದೊಡ್ಡದಿರುತ್ತದೆ. ಹತ್ತುಮೀನಿಗೆ, ಅಂದರೆ ಮಳೆಗಾಲದಲ್ಲಿ ನೀರಿಗೆ ಎದುರಾಗಿ ಹತ್ತಿ ಬರುವ ಮೀನಿಗೆ, ಇಡುವ ಉದ್ದನೆಯ ಬಿದಿರಿನ ಬುಟ್ಟಿ ಕೂಣಿ ಸಿಕ್ಕರೆ ಬಿಡಲೇಬೇಡಿ. ಉದ್ದಕ್ಕೆ ಇಳಿಬಿಟ್ಟರೆ ಗೋಡೆ ತುಂಬ ಗೆರೆ ಗೆರೆ ನೆರಳು ಬೀಳುತ್ತದೆ. ಮೊರ ಬೇಡ, ಬೆಳಕು ದಾಟುವುದಿಲ್ಲ. ಅದನ್ನು ಗೋಡೆಗೆ ಹಾಕಿ.

ಸಗಣಿ ಸಾರಿಸಿದ ಬುಟ್ಟಿಯಾದರೆ ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ. ಬೆಳಿಗ್ಗೆ ತೆಂಗಿನ ನಾರಿಗೆ ಅಂಟುವಾಳದ ನೀರು ಅದ್ದಿ, ಹೆಣಿಗೆ ಹೋದ ದಿಕ್ಕಿನಲ್ಲೇ ಉಜ್ಜಿ. ಅಡ್ಡ ಉಜ್ಜಿದರೆ ಸಿಬಿರು ಏಳುತ್ತದೆ. ನೆರಳಲ್ಲಿ ಒಣಗಿಸಿ, ಆಮೇಲೆ ಎಳೆ ಬಿಸಿಲು ತೋರಿಸಿ. ಒಮ್ಮೆಲೇ ಸುಡುಬಿಸಿಲಿಗೆ ಇಟ್ಟರೆ ಸೀಳುತ್ತದೆ.

ಈಗ ವೈರಿನ ಕೆಲಸ. ಬುಟ್ಟಿಯ ತಳದ ನಡುವೆ ಎಲ್ಲ ಸೀಳುಗಳೂ ಒಂದರ ಮೇಲೊಂದು ಕೂಡುತ್ತವೆ. ಅದನ್ನು ಕತ್ತರಿಸಬೇಡಿ, ಇಡೀ ಬುಟ್ಟಿ ಸಡಿಲವಾಗುತ್ತದೆ. ಗೋಣಿ ಹೊಲಿಯುವ ದಬ್ಬಣ ತೂರಿಸಿ, ಮೆಲ್ಲಗೆ ಅತ್ತಿತ್ತ ತಿರುಗಿಸಿ, ವೈರ್ ಹೋಗುವಷ್ಟು ಮಾತ್ರ ಸಂದಿ ಮಾಡಿ. ವೈರನ್ನು ಹೊರಗಿನಿಂದ ತೂರಿಸಿ, ಒಳಗೆ ಹೋಲ್ಡರ್ ಕೂರಿಸಿ. ಬುಟ್ಟಿಯ ಭಾರ ಯಾವತ್ತೂ ವೈರಿನ ಮೇಲೆ ಬೀಳಬಾರದು. ತಳದ ಗಟ್ಟಿ ಸೀಳುಗಳಿಗೆ ಮೂರು ಕಡೆ ಹುರಿಹಗ್ಗ ಕಟ್ಟಿ, ಜಂತೆಯ ಕೊಕ್ಕೆಗೆ ಹಾಕಿ. ವೈರ್ ಆ ಹಗ್ಗಕ್ಕೆ ಸಡಿಲವಾಗಿ ಸುತ್ತಿಕೊಂಡು ಹೋಗಲಿ. ಐಎಸ್ಐ ಗುರುತಿರುವ ಎರಡು ಎಳೆಯ ತಾಮ್ರದ ವೈರ್, 3 ಅಥವಾ 5 ವ್ಯಾಟಿನ ಎಲ್ಇಡಿ ಬಲ್ಬು ಸಾಕು. ಡಬ್ಬಿಯ ಮೇಲೆ 2700 ಕೆಲ್ವಿನ್ ಅಂತ ಇರುವುದನ್ನೇ ಕೇಳಿ, ಹಳದಿ ಬೆಳಕು ಕೊಡುತ್ತದೆ. ಬಿಳಿ ಬಲ್ಬು ಹಾಕಿದರೆ ಅಷ್ಟು ಕೆಲಸವೂ ದಂಡ. ಬಲ್ಬಿನ ಸುತ್ತ ನಾಲ್ಕು ಬೆರಳು ಜಾಗ ಬಿಡಿ. ಹಳೆ ತಂತಿ ಬಲ್ಬು, ಮೇಣದ ಬತ್ತಿ ಎರಡೂ ಬೇಡ, ಒಣ ಬಿದಿರಿಗೆ ಬೆಂಕಿ ಹಿಡಿಯಲು ಹೊತ್ತು ಬೇಕಿಲ್ಲ. ವೈರ್ ಜೋಡಿಸಲು ಗೊತ್ತಿಲ್ಲದವರು ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ.

ಗಾಜಿನ ಗುಂಡಿಗೆ ಶಿವಮೊಗ್ಗದ ಗುಜರಿ ಅಂಗಡಿಗಳಲ್ಲಿ ಹುಡುಕಿ. ಹಳೆ ಮನೆ ಕೆಡವಿದಾಗ ಬರುವ ದುಂಡನೆಯ ಬಿಳಿ ಗ್ಲೋಬ್ ಇರುತ್ತದಲ್ವಾ, ಅದೇ. ಕುತ್ತಿಗೆಗೆ ಹಗ್ಗದ ಬಳೆ ಕಟ್ಟಿ, ಅದರಿಂದ ಎಂಟು ಹಗ್ಗ ಇಳಿಬಿಡಿ. ಪಕ್ಕಪಕ್ಕದ ಎರಡೆರಡು ಸೇರಿಸಿ ಗಂಟು ಹಾಕಿ. ಮುಂದಿನ ಸಾಲಿಗೆ ಜೋಡಿ ಬದಲಿಸಿ. ತಳಕ್ಕೆ ಬಂದಾಗ ಎಲ್ಲ ಸೇರಿಸಿ ಬಿಗಿದರೆ ಬಲೆ ಆಯಿತು.

ಗೋಡೆಯ ಮುಖಗಳಿಗೆ ಅಡಿಕೆ ಹಾಳೆಯೇ ಸರಿ. ನೀರಲ್ಲಿ ನೆನೆದ ಹಾಳೆ ಚರ್ಮದಂತೆ ಬಗ್ಗುತ್ತದೆ. ಆಗಲೇ ಕಣ್ಣು ಬಾಯಿ ಕತ್ತರಿಸಿ, ಮಡಕೆಯ ಮೇಲೆ ಬಿಗಿಯಾಗಿ ಕಟ್ಟಿ ಒಣಗಲು ಬಿಡಿ. ಒಣಗಿದ ಮೇಲೆ ಉಬ್ಬು ಹಾಗೇ ನಿಲ್ಲುತ್ತದೆ. ನ್ಯೂಜಿಲೆಂಡಿನ ಮಾವೊರಿ ಜನಕ್ಕೆ ಟಿಕಿ ಅಂದರೆ ಮೊದಲ ಮನುಷ್ಯ, ಪೂಜ್ಯ ರೂಪ. ಅವರ ಮುಖವನ್ನು ನಾನು ನಕಲು ಮಾಡುವುದಿಲ್ಲ. ನಿಮಗೆ ತೋಚಿದ ಮುಖ ಮಾಡಿ, ಕೈಗೆ ಖುಷಿ ಅದರಲ್ಲೇ ಜಾಸ್ತಿ.

ಆ ದ್ವೀಪಗಳಲ್ಲಿ ಹಿಪ್ಪುನೇರಳೆಯ ನೆಂಟನಾದ ಒಂದು ಮರದ ತೊಗಟೆ ಬಡಿದು ಟಾಪಾ ಎಂಬ ಬಟ್ಟೆ ಮಾಡಿ, ಗೆರೆ ಗೆರೆಯ ಚಿತ್ರ ಬರೆಯುತ್ತಾರೆ. ಅದರ ಬದಲು ನಾನು ಹಳೆ ಪಂಚೆಯ ಪಟ್ಟಿಗೆ ಕೆಮ್ಮಣ್ಣು ಬಳಿದು, ನಮ್ಮ ಕಡೆ ಮದುವೆ ಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರದ ಗೆರೆಗಳನ್ನು ತುಂಬುತ್ತೇನೆ. ನಮ್ಮ ಚಿಕ್ಕಮ್ಮ ಹೇಳಿಕೊಟ್ಟ ಹಾಗೆ ಅಕ್ಕಿ ಅರೆದ ಬಿಳಿ, ಪುಂಡಿ ನಾರಿನ ಕುಂಚ. ಬುಟ್ಟಿಯ ಬಾಯಂಚಿಗೆ ಇದನ್ನು ಸುತ್ತಿ ಹೊಲಿದರೆ ದೀಪಕ್ಕೆ ಕಳೆ ಬರುತ್ತದೆ.

ನಮ್ಮ ಮಳೆಗಾಲದ ಶೀತಕ್ಕೆ ಬೂಷ್ಟು ಹಿಡಿಯುವುದು ಗ್ಯಾರಂಟಿ. ಎಣ್ಣೆ ಸವರಿದರೆ ಇನ್ನೂ ಜಾಸ್ತಿ. ಏಪ್ರಿಲ್ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಬಣ್ಣವಿಲ್ಲದ ವಾರ್ನಿಷ್ ತೆಳುವಾಗಿ ಒಂದು ಕೈ ಹೊಡೆಯಿರಿ. ಜಗಲಿಯಲ್ಲಿ ಎರಚಲು ಬೀಳುವ ಕಡೆ ತೂಗುಹಾಕಬೇಡಿ. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ.